ಹದಿನಾಲ್ಕರ ಹುಡುಗ, ಹದಿನೆಂಟರ ಸಿಪಾಯಿ: ಗಲಿಪೊಲಿಯ ಒಂದು ಪ್ರಕರಣ

1915ರ ಏಪ್ರಿಲ್‌ನಲ್ಲಿ ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಒಬ್ಬ ಹುಡುಗ ತನಗೆ ಹದಿನೆಂಟು ವರ್ಷ ಎಂದು ಬರೆಸಿ ಪದಾತಿದಳಕ್ಕೆ ಸೇರಿದ. ನಿಜವಾಗಿ ಅವನಿಗೆ ಆಗ ಹದಿನಾಲ್ಕು ವರ್ಷ, ಮೂರು ತಿಂಗಳು. ಅದೇ ವರ್ಷದ ಅಕ್ಟೋಬರ್ ಕೊನೆಯ ವಾರದಲ್ಲಿ, ತುರ್ಕಿಯ ಗಲಿಪೊಲಿ ಕರಾವಳಿಯಾಚೆ ನಿಂತಿದ್ದ ಆಸ್ಪತ್ರೆ ಹಡಗಿನಲ್ಲಿ ತೀರಿಕೊಂಡ. ಗುಂಡು ತಗುಲಿ ಸತ್ತದ್ದಲ್ಲ; ಹೊಟ್ಟೆ ಕೆಟ್ಟು ಸತ್ತದ್ದು.

ಆಸ್ಟ್ರೇಲಿಯಾದಲ್ಲಿ ಈ ಕಥೆ ಬಹಳ ಮಂದಿಗೆ ಗೊತ್ತು. ಅಲ್ಲಿ ಇದನ್ನು ಶೌರ್ಯದ ಕಥೆಯಾಗಿ ಹೇಳುವುದೇ ಹೆಚ್ಚು. ನಾನಿಲ್ಲಿ ಹುಡುಗನ ಹೆಸರು, ಊರು, ಬೆಟಾಲಿಯನ್ನಿನ ಸಂಖ್ಯೆ ಬಿಟ್ಟಿದ್ದೇನೆ. ಮನೆಯವರ, ಜೊತೆಗಾರರ, ದಾದಿಯ ಹೆಸರುಗಳನ್ನೂ ಬಿಟ್ಟಿದ್ದೇನೆ. ಹೆಸರು ಕೇಳಿದ ಕೂಡಲೇ ನಾವು ಸ್ಮಾರಕದ ಮುಂದೆ ನಿಂತವರಂತೆ ತಲೆ ಬಾಗಿಸುತ್ತೇವೆ, ಆಮೇಲೆ ಪ್ರಶ್ನೆ ಕೇಳುವುದಿಲ್ಲ. ಇಲ್ಲಿ ಬೇಕಿರುವುದು ಪ್ರಶ್ನೆಗಳೇ: ಯಾವ ಘಟ್ಟದಲ್ಲಿ ಯಾರ ಕೈಯಲ್ಲಿ ಏನಿತ್ತು, ಅವರಿಗೆ ಏನು ಗೊತ್ತಿತ್ತು, ಏನು ತೀರ್ಮಾನಿಸಿದರು. ಹದಿಹರೆಯದವರ ಜೊತೆ ಕೆಲಸ ಮಾಡುವ ಮೇಷ್ಟ್ರುಗಳಿಗೆ, ಎನ್‌ಸಿಸಿ ನಡೆಸುವವರಿಗೆ, ಮಕ್ಕಳ ಹಠಕ್ಕೆ ಎದುರು ಕೂತ ತಂದೆತಾಯಿಗಳಿಗೆ ಇದು ಉಪಯೋಗಕ್ಕೆ ಬಂದೀತು.

ಹಿನ್ನೆಲೆ

ಆರು ಮಕ್ಕಳಲ್ಲಿ ಇವನೊಬ್ಬನೇ ಗಂಡು. ವಿಕ್ಟೋರಿಯಾದಲ್ಲಿ ಆಗ ಕಡ್ಡಾಯ ಶಾಲೆ ಹದಿನಾಲ್ಕಕ್ಕೆ ಮುಗಿಯುತ್ತಿತ್ತು. ಆಮೇಲೆ ದುಡಿಮೆಗೆ ಹೋಗುವುದು ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಇವನೂ ಹೊಲದ ಕೆಲಸಕ್ಕೆ ಸೇರಿಕೊಂಡಿದ್ದ. ವಯಸ್ಸಿಗೆ ಮೀರಿದ ಎತ್ತರ, ದುಡಿದು ಗಟ್ಟಿಯಾದ ಮೈ. ಓಟು ಹಾಕಲು ಇಪ್ಪತ್ತೊಂದು ಆಗಬೇಕಿದ್ದ ದೇಶದಲ್ಲಿ ಹದಿನಾಲ್ಕರವನು ಆಗಲೇ ಅರ್ಧ ಗಂಡಸು.

ಸೈನ್ಯವೂ ಅವನಿಗೆ ಹೊಸದಲ್ಲ. ಆಸ್ಟ್ರೇಲಿಯಾದಲ್ಲಿ 1911ರಿಂದ ಕಡ್ಡಾಯ ಸೈನಿಕ ತರಬೇತಿ ಜಾರಿಯಲ್ಲಿತ್ತು. ಹನ್ನೆರಡು ತುಂಬಿದ ಹುಡುಗ ಶಾಲೆಯಲ್ಲೇ ಜೂನಿಯರ್ ಕೆಡೆಟ್, ಹದಿನಾಲ್ಕರಿಂದ ಹದಿನೆಂಟರವರೆಗೆ ಸೀನಿಯರ್ ಕೆಡೆಟ್. ಕವಾಯತು ತಪ್ಪಿಸಿದ ಕಾರಣಕ್ಕೆ ಮೊಕದ್ದಮೆಗಳು ಸಾವಿರ ಸಾವಿರ ಲೆಕ್ಕದಲ್ಲಿ ದಾಖಲಾಗಿದ್ದವು. ವಿದೇಶದ ಯುದ್ಧಕ್ಕೆ ಹೋಗುವುದು ಮಾತ್ರ ಪೂರ್ತಿ ಸ್ವಇಚ್ಛೆ. ಅದಕ್ಕೂ ಬಲವಂತದ ಭರ್ತಿ ಬೇಕೇ ಎಂದು 1916ರಲ್ಲಿ, 1917ರಲ್ಲಿ ಜನಮತ ಕೇಳಿದಾಗ ಎರಡು ಸಲವೂ ಜನ ಬೇಡವೆಂದರು. ಅಂದರೆ ಹುಡುಗರಿಗೆ ಬಂದೂಕು ಹಿಡಿಯುವುದನ್ನು ಸರ್ಕಾರವೇ ಹನ್ನೆರಡರಿಂದ ಕಲಿಸುತ್ತಿತ್ತು, ಆದರೆ ಯುದ್ಧಕ್ಕೆ ಹದಿನೆಂಟಕ್ಕೆ ಮೊದಲು ಬರಬೇಡ ಎನ್ನುತ್ತಿತ್ತು. ಈ ಎರಡರ ನಡುವಿನ ಆರು ವರ್ಷ ಹದಿನಾಲ್ಕರ ಹುಡುಗನಿಗೆ ಎಷ್ಟು ಅಸಂಬದ್ಧವಾಗಿ ಕಂಡಿರಬಹುದು ಎಂದು ಯೋಚಿಸಿ ನೋಡಿ.

ಸಂಬಳದ ವಿಷಯವನ್ನೂ ಮರೆಯುವಂತಿಲ್ಲ. ಬ್ರಿಟಿಷ್ ಸಿಪಾಯಿಗೆ ದಿನಕ್ಕೆ ಒಂದು ಶಿಲ್ಲಿಂಗ್ ಸಿಗುತ್ತಿದ್ದಾಗ ಆಸ್ಟ್ರೇಲಿಯಾದ ಸಿಪಾಯಿಗೆ ಆರು ಶಿಲ್ಲಿಂಗ್. 1907ರ ಹೆಸರಾಂತ ಹಾರ್ವೆಸ್ಟರ್ ತೀರ್ಪು ಹೆಂಡತಿ ಮಕ್ಕಳಿರುವ ಸಾಮಾನ್ಯ ಕೂಲಿಕಾರನಿಗೆ ನ್ಯಾಯವಾದ ಕೂಲಿ ಎಂದು ನಿಗದಿ ಮಾಡಿದ್ದು ದಿನಕ್ಕೆ ಏಳು ಶಿಲ್ಲಿಂಗ್. ಊಟ, ಬಟ್ಟೆ, ಬೂಟು ಬಿಟ್ಟಿ ಸಿಕ್ಕಿ, ಮೇಲೆ ಆರು ಶಿಲ್ಲಿಂಗ್ ಎಂದರೆ ಹೊಲದ ಆಳು ಹುಡುಗನಿಗೆ ಕನಸಿನ ಮೊತ್ತ. ಈ ಹುಡುಗ ದುಡ್ಡಿಗಾಗಿ ಹೋದ ಎನ್ನಲು ಆಧಾರವಿಲ್ಲ. ಆದರೆ ಅಂಥ ಸಂಬಳದ ಕೆಲಸಕ್ಕೆ ಹೊರಟವನನ್ನು ‘ಮಗು’ ಎಂದು ತಡೆಯುವುದು ಮನೆಯವರಿಗೆ ಕಷ್ಟವೇ.

ಇಷ್ಟರ ಮೇಲೆ ಇನ್ನೊಂದು. ತಂದೆ ಮೊದಲು ತಾವೇ ಭರ್ತಿಗೆ ಹೋಗಿದ್ದರು. ಸೈನ್ಯ ಅವರನ್ನು ತೆಗೆದುಕೊಳ್ಳಲಿಲ್ಲ. ಅಪ್ಪ ಆಗದಿದ್ದರೆ ನಾನು ಹೋಗುತ್ತೇನೆ ಎಂದು ಮಗ ಹೊರಟ. ಮನೆಯಿಂದ ಒಬ್ಬ ಗಂಡಸು ಹೋಗಬೇಕು ಎಂಬ ಮಾತು ಆ ಮನೆಯಲ್ಲಿ ಅಷ್ಟು ಹೊತ್ತಿಗೆ ತೀರ್ಮಾನವಾಗಿಬಿಟ್ಟಿತ್ತು ಎಂದು ನನಗನ್ನಿಸುತ್ತದೆ. ಯಾರು ಎನ್ನುವುದಷ್ಟೇ ಉಳಿದಿತ್ತು.

ಮನೆಯೊಳಗಿನ ಚೌಕಾಸಿ

ನಿಯಮದ ಪ್ರಕಾರ ಇಪ್ಪತ್ತೊಂದು ತುಂಬದವರಿಗೆ ತಂದೆತಾಯಿಯ ಒಪ್ಪಿಗೆ ಪತ್ರ ಬೇಕು. ಹುಡುಗನ ಸುಳ್ಳು ವಯಸ್ಸು ಹದಿನೆಂಟು. ಆದ್ದರಿಂದ ಸುಳ್ಳು ಹೇಳಿದರೂ ಮನೆಯ ಸಹಿ ತಪ್ಪುವುದಿಲ್ಲ. ಇದೊಂದು ಒಳ್ಳೆಯ ತಡೆಗೋಡೆ. ಕಚೇರಿಗೆ ವಯಸ್ಸು ಗೊತ್ತಿಲ್ಲದಿದ್ದರೂ ತಾಯಿಗೆ ಗೊತ್ತಿರುತ್ತದಲ್ಲ.

ಹುಡುಗ ಆ ಗೋಡೆಯನ್ನು ಹೇಗೆ ದಾಟಿದ ಎನ್ನುವುದೇ ಈ ಪ್ರಕರಣದ ಮೊದಲ ತಿರುವು. ನೀವು ಸಹಿ ಹಾಕದಿದ್ದರೆ ಬೇರೆ ಹೆಸರಿನಲ್ಲಿ ಸೇರುತ್ತೇನೆ, ಆಮೇಲೆ ಕಾಗದ ಕೂಡ ಬರೆಯುವುದಿಲ್ಲ ಎಂದ. ಸಹಿ ಹಾಕಿದರೆ ತಪ್ಪದೆ ಬರೆಯುತ್ತೇನೆ ಎಂದ. ತಂದೆತಾಯಿ ಒಪ್ಪಿದರು.

ಹದಿನಾಲ್ಕರ ಹುಡುಗನ ಬುದ್ಧಿ ಇಷ್ಟು ಚುರುಕೇ ಎಂದು ಬೆರಗಾಗುತ್ತದೆ. ಯುದ್ಧ ಒಳ್ಳೆಯದೋ ಕೆಟ್ಟದ್ದೋ, ತಾನು ಚಿಕ್ಕವನೋ ದೊಡ್ಡವನೋ ಎಂಬ ವಾದಕ್ಕೆ ಅವನು ಇಳಿಯಲೇ ಇಲ್ಲ. ಹೋಗುವುದಂತೂ ಹೋಗುವುದೇ, ನಾನು ಸತ್ತರೆ ನಿಮಗೆ ಗೊತ್ತಾಗಬೇಕೋ ಬೇಡವೋ ಹೇಳಿ ಎಂದು ಕೇಳಿದ. ಪ್ರಶ್ನೆ ಹಾಗೆ ಬಂದ ಮೇಲೆ ಯಾವ ತಾಯಿ ಬೇಡ ಎಂದಾಳು? ಅವರ ಭಯಕ್ಕೆ ಕಾರಣವೂ ಇತ್ತು. ಸುಳ್ಳು ಹೆಸರಿನಲ್ಲಿ ಸೇರಿದವರು ಎಷ್ಟೋ ಜನ ಇದ್ದರು. ಅಂಥವನು ಸತ್ತರೆ ತಂತಿ ಯಾವುದೋ ಸುಳ್ಳು ವಿಳಾಸಕ್ಕೆ ಹೋಗುತ್ತಿತ್ತು.

ತಂದೆತಾಯಿಯನ್ನು ಬೈಯುವುದು ನೂರು ವರ್ಷದ ಆಚೆ ಕೂತ ನಮಗೆ ಸುಲಭ. ಸಮಾಲೋಚನೆಯ ಕೆಲಸ ಮಾಡುವವರು ಇಲ್ಲಿ ಗಮನಿಸಬೇಕಾದದ್ದು ಬೇರೆ. ಅವರ ಮುಂದೆ ಇಟ್ಟದ್ದು ಎರಡೇ ದಾರಿ, ಎರಡನ್ನೂ ಇಟ್ಟವನು ಹುಡುಗ. ಮೂರನೆಯದೂ ಇತ್ತು. ಸಹಿ ಹಾಕದೆ ಇರುವುದು, ಅವನು ಓಡಿಹೋದರೆ ಜನನ ಪತ್ರ ಹಿಡಿದು ಭರ್ತಿ ಶಿಬಿರಗಳಿಗೆ ದೂರು ಕೊಡುವುದು. ಹದಿನೆಂಟು ತುಂಬದ ಹುಡುಗ ಎಂದು ತಂದೆತಾಯಿ ಸಾಬೀತು ಮಾಡಿದರೆ ಸೈನ್ಯ ಅವನನ್ನು ಬಿಡುಗಡೆ ಮಾಡುತ್ತಿತ್ತು. ಹಾಗೆ ಮಕ್ಕಳನ್ನು ವಾಪಸು ಕರೆಸಿಕೊಂಡವರಿದ್ದರು. ಸಹಿ ಹಾಕಿದ ಮೇಲೂ ಈ ದಾರಿ ಮುಚ್ಚಿರಲಿಲ್ಲ. ಆದರೆ ಒಪ್ಪಂದ ಆಗಿಹೋಗಿತ್ತು. ಈಗ ದೂರು ಕೊಟ್ಟರೆ ಮಗನಿಗೆ ಕೊಟ್ಟ ಮಾತು ಮುರಿದಂತೆ, ತಾವೇ ಸುಳ್ಳಿನಲ್ಲಿ ಪಾಲುದಾರರಾಗಿದ್ದೆವು ಎಂದು ಒಪ್ಪಿಕೊಂಡಂತೆ. ಆ ಸಹಿಯಿಂದ ಬಾಗಿಲು ತೆರೆದದ್ದು ಮಗನಿಗೆ, ಕೈ ಕಟ್ಟಿಹೋದದ್ದು ಅಪ್ಪ ಅಮ್ಮನಿಗೆ.

ಭರ್ತಿ ಕಚೇರಿ

ಇಲ್ಲಿ ಹೆಚ್ಚು ಹೇಳಲು ಇಲ್ಲ. ಯುದ್ಧ ಶುರುವಾದಾಗ ಆಸ್ಟ್ರೇಲಿಯಾದ ಸೈನ್ಯ ಕನಿಷ್ಠ ಐದು ಅಡಿ ಆರು ಅಂಗುಲ ಎತ್ತರ, ಮೂವತ್ತನಾಲ್ಕು ಅಂಗುಲ ಎದೆ ಕೇಳುತ್ತಿತ್ತು. ಮೊದಲ ವರ್ಷ ಹಲ್ಲು ಹುಳುಕು, ಕಣ್ಣು ಮಂದ, ಎದೆ ಸಣ್ಣ ಎಂದೆಲ್ಲ ಬಂದವರಲ್ಲಿ ಮೂರನೆಯ ಒಂದು ಪಾಲು ಜನರನ್ನು ತಿರಸ್ಕರಿಸಿದ್ದರು. ಅಷ್ಟು ಬಿಗಿ ಇದ್ದರೂ ಅಳೆದದ್ದು ಮೈಯನ್ನು ಮಾತ್ರ. ಜನನ ಪತ್ರ ತೋರಿಸು ಎಂದು ಯಾರೂ ಕೇಳುತ್ತಿರಲಿಲ್ಲ. ವಯಸ್ಸಿನ ಖಾನೆಯಲ್ಲಿ ಬಂದವನು ಹೇಳಿದ್ದೇ ಸತ್ಯ. ಹೊಲದಲ್ಲಿ ದುಡಿದ ಹುಡುಗನ ಮೈ ಪರೀಕ್ಷೆ ಪಾಸಾಯಿತು, ಮನೆಯ ಪತ್ರ ಕೈಯಲ್ಲಿತ್ತು. ಮುಗಿಯಿತು.

ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಸೇನಾ ಭರ್ತಿ ರ‍್ಯಾಲಿಗೆ ಹೋಗುವ ನಮ್ಮ ಹುಡುಗರು ಹತ್ತನೇ ಕ್ಲಾಸಿನ ಅಂಕಪಟ್ಟಿ ಹಿಡಿದು ಸಾಲು ನಿಲ್ಲುವುದನ್ನು ನೋಡಿದವರಿಗೆ ಇದು ನಂಬಲಾಗದ ಸಡಿಲತನವಾಗಿ ಕಾಣಬಹುದು. ಸೇರಲು ಬಂದವನನ್ನು ಅನುಮಾನಿಸಿ ವಾಪಸು ಕಳಿಸಿದರೆ ಆ ಭರ್ತಿ ಅಧಿಕಾರಿಗೆ ಲಾಭವೇನು? ಪಟ್ಟಿಯಲ್ಲಿ ಒಂದು ಹೆಸರು ಕಡಿಮೆ. ಕೇಳದೆ ಸುಮ್ಮನಿದ್ದರೆ ಯಾರಿಗೂ ತೊಂದರೆಯಿಲ್ಲ.

ಏಳು ವಾರ

ಶೌರ್ಯದ ಕಥೆ ಹೇಳುವವರು ಯಾವಾಗಲೂ ಹಾರಿಸಿಬಿಡುವ ಭಾಗ ಇದು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ನಡುಗಂಬ ಇದೇ.

ಹುಡುಗ ಸೇರಿದ್ದು ಏಪ್ರಿಲ್ ಎರಡನೇ ವಾರ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಪಡೆಗಳು ಗಲಿಪೊಲಿಯ ದಂಡೆಗೆ ಇಳಿದದ್ದು ಏಪ್ರಿಲ್ 25. ಅಂದರೆ ಅವನು ಸೇರುವಾಗ, ತಾಯಿ ಸಹಿ ಹಾಕುವಾಗ, ಈ ಯುದ್ಧ ಹೇಗಿದೆ ಎಂದು ಆಸ್ಟ್ರೇಲಿಯಾದ ಯಾವ ಮನೆಗೂ ಇನ್ನೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಅವರ ಪಡೆಗಳು ಈಜಿಪ್ಟಿನಲ್ಲಿ ಕವಾಯತು ಮಾಡುತ್ತಿದ್ದವು, ಪಿರಮಿಡ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದವು. ಆ ಹೊತ್ತಿನ ಒಪ್ಪಿಗೆಯನ್ನು ಅಜ್ಞಾನದ ಒಪ್ಪಿಗೆ ಎಂದು ಮನ್ನಿಸಬಹುದು.

ಆದರೆ ಮೇ ತಿಂಗಳ ಆರಂಭದಿಂದ ಪತ್ರಿಕೆಗಳಲ್ಲಿ ಸತ್ತವರ, ಗಾಯಗೊಂಡವರ ಪಟ್ಟಿ ಬರತೊಡಗಿತು. ಮೇ 8ರಂದು ಬ್ರಿಟಿಷ್ ಯುದ್ಧ ವರದಿಗಾರನೊಬ್ಬನ ದೊಡ್ಡ ವರದಿ ಆಸ್ಟ್ರೇಲಿಯಾದ ಪತ್ರಿಕೆಗಳಲ್ಲಿ ಅಚ್ಚಾಗಿ, ದಂಡೆ ಹತ್ತಿದ ಆ ಹುಡುಗರ ಸಾಹಸವನ್ನು ಆಕಾಶಕ್ಕೆ ಏರಿಸಿತು. ಅದರ ಹಿಂದಿನ ದಿನವಷ್ಟೇ ಲುಸಿಟಾನಿಯಾ ಎಂಬ ಬ್ರಿಟಿಷ್ ಪ್ರಯಾಣಿಕರ ಹಡಗು ಜರ್ಮನ್ ಟಾರ್ಪಿಡೊಗೆ ಮುಳುಗಿ ಎಲ್ಲೆಲ್ಲೂ ಸಿಟ್ಟು ಕುದಿಯುತ್ತಿತ್ತು. ಪಟ್ಟಿಗಳು ಉದ್ದವಾಗುತ್ತ ಹೋದಂತೆ ಭರ್ತಿ ಕುಸಿಯಲಿಲ್ಲ, ಏರಿತು. 1915ರ ಜುಲೈ ಒಂದೇ ತಿಂಗಳಲ್ಲಿ 36,575 ಜನ ಸೇರಿದರು. ಇಡೀ ಯುದ್ಧದಲ್ಲಿ ಅದೇ ಅತಿ ದೊಡ್ಡ ತಿಂಗಳ ಲೆಕ್ಕ.

ಹುಡುಗನ ಹಡಗು ಮೆಲ್ಬರ್ನ್ ಬಿಟ್ಟದ್ದು ಜೂನ್ ಕೊನೆಗೆ. ಮೊದಲ ಪಟ್ಟಿ ಬಂದ ಮೇಲೆ ಏಳು ವಾರಕ್ಕೂ ಹೆಚ್ಚು ಕಾಲ ಅವನು ವಿಕ್ಟೋರಿಯಾದ ತರಬೇತಿ ಶಿಬಿರದಲ್ಲೇ ಇದ್ದ, ಮನೆಯಿಂದ ಹೋಗಿ ಬರುವಷ್ಟು ಹತ್ತಿರ. ಈಗ ಎಲ್ಲರಿಗೂ ಗೊತ್ತಿತ್ತು. ಒಂದು ಜನನ ಪತ್ರ, ಒಂದು ಅರ್ಜಿ ಸಾಕಿತ್ತು.

ಆ ಏಳು ವಾರದಲ್ಲಿ ಯಾರೂ ಏನೂ ತೀರ್ಮಾನಿಸಲಿಲ್ಲ. ಕೆಟ್ಟ ತೀರ್ಮಾನ ಮಾಡಿದರು ಎಂದಲ್ಲ, ತೀರ್ಮಾನ ಮಾಡುವುದು ಇನ್ನೂ ಬಾಕಿ ಇದೆ ಎಂದೇ ಯಾರಿಗೂ ಹೊಳೆಯಲಿಲ್ಲ. ಸಹಿ ಏಪ್ರಿಲ್‌ನಲ್ಲೇ ಆಗಿತ್ತು. ಯುದ್ಧದ ರೂಪ ಬದಲಾದ ಮೇಲೆ ಸಹಿಯನ್ನು ಮತ್ತೆ ತೆಗೆದು ನೋಡುವ ಪದ್ಧತಿ ಮನೆಯಲ್ಲೂ ಇರಲಿಲ್ಲ, ಸೈನ್ಯದಲ್ಲೂ ಇರಲಿಲ್ಲ. ಹುಡುಗನ ಸಾರ್ಜೆಂಟರು, ಜೊತೆಗಾರರು ವಾರಗಟ್ಟಲೆ ಅವನ ಜೊತೆ ಉಂಡು ಮಲಗಿದವರು. ಗಡ್ಡ ಬಾರದ ಮುಖವನ್ನು ಅವರೂ ನೋಡಿರಲೇಬೇಕು. ಆದರೆ ಶಿಬಿರದಲ್ಲಿ ಅಂಥ ಮುಖ ಇವನೊಬ್ಬನದೇ ಆಗಿರಲಿಲ್ಲ. ಕೆಡೆಟ್ ಕವಾಯತು ಮೊದಲೇ ಕಲಿತ ಹುಡುಗ ತರಬೇತಿಯಲ್ಲಿ ಹಿಂದೆ ಬೀಳುವುದೂ ಇಲ್ಲ. ಕೆಲಸ ಚೆನ್ನಾಗಿ ಮಾಡುವವನ ವಯಸ್ಸನ್ನು ಯಾರು ಕೇಳುತ್ತಾರೆ?

ಸಮುದ್ರ

ಜುಲೈ ಪೂರ್ತಿ ಹಡಗು, ಆಮೇಲೆ ಈಜಿಪ್ಟಿನಲ್ಲಿ ಒಂದಿಷ್ಟು ವಾರಗಳ ತರಬೇತಿ. (ನಮ್ಮ ಕಡೆಯ ಓದುಗರಿಗೆ ಒಂದು ಮಾತು: ಆ ಹೊತ್ತಿಗೆ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳವೂ ಈಜಿಪ್ಟಿನಲ್ಲೇ ಇತ್ತು, ಸೂಯೆಜ್ ಕಾಲುವೆಯ ಕಾವಲಿಗೆ ಹೋಗಿತ್ತು. ಮೂರು ವರ್ಷದ ಮೇಲೆ ಹೈಫಾದಲ್ಲಿ ಹೆಸರು ಮಾಡಿದ ದಳ ಅದೇ. ಈ ಹುಡುಗನಿಗೂ ಅವರಿಗೂ ಭೇಟಿ ಆಯಿತೆಂದು ನಾನು ಹೇಳುತ್ತಿಲ್ಲ.)

ಆಗಸ್ಟ್ ಕೊನೆಗೆ ಅಲೆಕ್ಸಾಂಡ್ರಿಯಾದಿಂದ ‘ಸೌತ್‌ಲೆಂಡ್’ ಎಂಬ ಹಡಗು ಹತ್ತಿದರು. ಸೆಪ್ಟೆಂಬರ್ 2ರ ಬೆಳಗ್ಗೆ ಗಲಿಪೊಲಿಗೆ ಹತ್ತಿರದ ಲೆಮ್ನೋಸ್ ದ್ವೀಪ ಇನ್ನೇನು ಸಿಗಬೇಕು ಎನ್ನುವಾಗ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ಹಡಗಿಗೆ ಬಡಿಯಿತು. ಸುಮಾರು ನಲವತ್ತು ಜನ ಸತ್ತರು, ಬ್ರಿಗೇಡಿನ ಕಮಾಂಡರ್ ಕೂಡ ಉಳಿಯಲಿಲ್ಲ. ಹಡಗು ಮುಳುಗಲಿಲ್ಲ; ಸಿಪಾಯಿಗಳೇ ಕೆಲವರು ಒಳಗಿಳಿದು ಬಾಯ್ಲರಿಗೆ ಕಲ್ಲಿದ್ದಲು ಹಾಕಿ ಆ ದ್ವೀಪದ ಮುದ್ರೋಸ್ ಬಂದರಿನವರೆಗೆ ಎಳೆದು ತಂದರು. ನಮ್ಮ ಹುಡುಗ ಸುಮಾರು ನಾಲ್ಕು ಗಂಟೆ ನೀರಿನಲ್ಲಿದ್ದ. ಆಮೇಲೆ ಯಾರೋ ಎತ್ತಿಕೊಂಡರು.

ಪ್ರಾಣ ಉಳಿದದ್ದು ದೊಡ್ಡದು. ಪ್ರಕರಣದ ಕಣ್ಣಿನಿಂದ ನೋಡಿದರೆ ಮಾತ್ರ ಇದು ಅವನನ್ನು ತಡೆಯಬಹುದಾಗಿದ್ದ ಕೊನೆಯ ನಿಲ್ದಾಣ. ಲೆಮ್ನೋಸಿನಲ್ಲಿ ಆಸ್ಪತ್ರೆಗಳಿದ್ದವು, ವೈದ್ಯರಿದ್ದರು. ನಾಲ್ಕು ಗಂಟೆ ಸಮುದ್ರದಲ್ಲಿ ಬಿದ್ದಿದ್ದ ಹುಡುಗ ‘ನನಗೆ ಹದಿನಾಲ್ಕು’ ಎಂದು ಒಂದು ಮಾತು ಹೇಳಿದ್ದರೆ ಹಿಂದೆ ಕಳಿಸುತ್ತಿದ್ದರು. ಅವನು ಹೇಳಲಿಲ್ಲ. ಹೇಳುವುದು ಸಾಧ್ಯವೂ ಇರಲಿಲ್ಲವೇನೋ. ಜೊತೆಯವರೆಲ್ಲ ನಗುನಗುತ್ತ ಸಾವಿನಿಂದ ಎದ್ದು ಬಂದೆವು ಎಂದು ಹೇಳಿಕೊಳ್ಳುತ್ತಿರುವಾಗ, ಈ ಪಡೆಯ ಧೈರ್ಯದ ಮಾತು ಆಸ್ಟ್ರೇಲಿಯಾದವರೆಗೆ ಹೋಗುತ್ತಿರುವಾಗ, ನಾನು ಮನೆಗೆ ಹೋಗುತ್ತೇನೆ ಎನ್ನುವುದು ಯಾವ ಬಾಯಲ್ಲಿ? ಅಪಾಯದಿಂದ ಪಾರಾದವರು ಅಪಾಯದಿಂದ ದೂರ ಸರಿಯುತ್ತಾರೆ ಎಂದು ನಾವು ಊಹಿಸುತ್ತೇವೆ. ಗುಂಪಿನಲ್ಲಿ ಪಾರಾದ ಹದಿಹರೆಯದವರಲ್ಲಿ ಬಹಳ ಸಲ ಅದು ತಿರುಗುಮುರುಗು. ಒಟ್ಟಿಗೆ ಪಾರಾದದ್ದೇ ಅವರನ್ನು ಆ ಗುಂಪಿಗೆ ಕಟ್ಟಿಹಾಕುತ್ತದೆ.

ಕಂದಕ

ಒಂದು ವಾರದೊಳಗೆ ಅವನು, ಏಪ್ರಿಲ್‌ನಲ್ಲಿ ಪಡೆಗಳು ಇಳಿದಿದ್ದ ಗಲಿಪೊಲಿಯ ಅನ್ಜ಼ಾಕ್ ದಂಡೆಯಲ್ಲಿದ್ದ. ಆಗಸ್ಟ್‌ನ ದೊಡ್ಡ ದಾಳಿಗಳು ಸೋತು ಮುಗಿದಿದ್ದವು. ದಣಿದ ಹಳೆಯ ಪಡೆಗಳಿಗೆ ವಿಶ್ರಾಂತಿ ಕೊಟ್ಟು ಹೊಸ ಎರಡನೇ ಡಿವಿಷನ್ನನ್ನು ಕಂದಕಗಳಲ್ಲಿ ಕೂರಿಸಿದ್ದರು. ಹೋರಾಟದ ಲೆಕ್ಕದಲ್ಲಿ ಇವನ ಬೆಟಾಲಿಯನ್ನಿಗೆ ಅದು ತಣ್ಣನೆಯ ಕಾಲ. ತುರ್ಕಿಯರ ಕಂದಕ ಎಪ್ಪತ್ತು ಗಜದಾಚೆ. ಅಡಗಿ ಹೊಡೆಯುವವರ ಗುಂಡು, ಆಗೊಮ್ಮೆ ಈಗೊಮ್ಮೆ ಫಿರಂಗಿ. ರಾತ್ರಿ ಕಾವಲು, ಹಗಲು ಅಗೆತ, ನೀರು ಹೊರುವುದು.

ಕೊಲ್ಲುತ್ತಿದ್ದದ್ದು ಬೇರೆ. ಆ ಇಳಿಜಾರಿನ ತುಂಡು ನೆಲದಲ್ಲಿ ಸಾವಿರಾರು ಜನ ಐದು ತಿಂಗಳಿಂದ ಒತ್ತೊತ್ತಾಗಿ ಬದುಕುತ್ತಿದ್ದರು. ಎರಡೂ ಕಡೆಯ ಕಂದಕಗಳ ನಡುವೆ ಹೂಳಲಾಗದ ಹೆಣಗಳು. ತೆರೆದ ಶೌಚಗುಂಡಿಗಳು. ಇವೆರಡರ ಮೇಲೆ ಕೂತ ನೊಣ ನೇರವಾಗಿ ಜಾಮ್ ಹಚ್ಚಿದ ಬಿಸ್ಕತ್ತಿನ ಮೇಲೆ. ಬಾಯಿ ತೆರೆಯುವ ಮೊದಲು ಕೈ ಬೀಸಬೇಕು. ಬೀಸಿದರೂ ತುತ್ತಿನ ಜೊತೆ ಒಂದೆರಡು ಒಳಗೆ ಹೋಗುತ್ತಿದ್ದವು. ಊಟ ಎಂದರೆ ಡಬ್ಬಿಯಲ್ಲಿ ಬರುವ ಉಪ್ಪಿನ ಮಾಂಸ, ಹಲ್ಲು ಮುರಿಯುವಷ್ಟು ಗಟ್ಟಿ ಬಿಸ್ಕತ್ತು. ತರಕಾರಿ ಹೆಸರಿಗೂ ಸಾಲದು. ಕುಡಿಯುವ ನೀರು ಈಜಿಪ್ಟ್, ಮಾಲ್ಟಾದಿಂದ ಹಡಗಿನಲ್ಲಿ ಬರಬೇಕು, ದಂಡೆಯ ತೊಟ್ಟಿಗಳಿಂದ ಗುಡ್ಡ ಹತ್ತಬೇಕು. ಅದನ್ನು ಹತ್ತಿಸುತ್ತಿದ್ದವರಲ್ಲಿ ಭಾರತದಿಂದ ಹೋದ ಹೇಸರಗತ್ತೆ ದಳದವರೂ ಇದ್ದರು. ತಲೆಗೆ ಸಿಗುವ ನೀರು ಅಳತೆ ಮಾಡಿ. ಕೈ ತೊಳೆಯಲು, ಪಾತ್ರೆ ತೊಳೆಯಲು ಅದರಲ್ಲಿ ಪಾಲಿಲ್ಲ. ಮೈ ತೊಳೆಯಬೇಕಾದರೆ ಗುಂಡಿನ ಅಪಾಯದಲ್ಲೇ ಸಮುದ್ರಕ್ಕೆ ಇಳಿಯಬೇಕು.

ಹೀಗಾಗಿ ಭೇದಿ, ಆಮಶಂಕೆ, ಕರುಳಿನ ಜ್ವರ ಇಲ್ಲದ ಕಂದಕವೇ ಇರಲಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕಾಯಿಲೆಯಿಂದ ಹಡಗು ಹತ್ತಿದವರ ಸಾಲು ಗಾಯಾಳುಗಳ ಸಾಲನ್ನು ಹಿಂದೆ ಹಾಕಿತ್ತು.

ಅಕ್ಟೋಬರ್ ಆರಂಭದಲ್ಲಿ ಹುಡುಗ ಮನೆಗೆ ಬರೆದ. ತಾನು ಚೆನ್ನಾಗಿದ್ದೇನೆ, ಚಿಂತೆ ಮಾಡಬೇಡಿ ಎಂಬ ಧಾಟಿ. ಜೊತೆಗೆ ಒಂದು ದೂರು: ವಿಕ್ಟೋರಿಯಾ ಬಿಟ್ಟ ಮೇಲೆ ಒಂದು ಕಾಗದವೂ ತನಗೆ ಬಂದಿಲ್ಲ, ತಾನು ಮಾತ್ರ ಬರೆಯುತ್ತಲೇ ಇದ್ದೇನೆ, ಬೇಗ ಬರೆಯಿರಿ. ಅಂಚೆ ಈಜಿಪ್ಟಿನಲ್ಲೋ ಲೆಮ್ನೋಸಿನಲ್ಲೋ ಸಿಕ್ಕಿಹಾಕಿಕೊಂಡು ಸುತ್ತುತ್ತಿದ್ದ ಕಾಲ. ಹೊಸದಾಗಿ ಸೇರಿದ ಪಡೆಗಳವರ ಕಾಗದ ಬೆನ್ನಟ್ಟಿ ಬರಲು ತಿಂಗಳುಗಳೇ ಬೇಕಾಗುತ್ತಿದ್ದವು. ಏಪ್ರಿಲ್‌ನ ಒಪ್ಪಂದ ನೆನಪಿಸಿಕೊಳ್ಳಿ. ನೀವು ಸಹಿ ಹಾಕಿ, ನಾನು ಬರೆಯುತ್ತೇನೆ. ಅವನು ಮಾತು ಉಳಿಸಿಕೊಂಡಿದ್ದ. ಆ ಕಡೆಯಿಂದ ಏನೂ ಬರುತ್ತಿಲ್ಲ ಎಂದು ಹದಿನಾಲ್ಕರ ಮನಸ್ಸು ಏನು ಅಂದುಕೊಂಡಿತೋ, ಕಾಗದದಲ್ಲಿ ಅದು ಇಲ್ಲ.

ಎರಡು ವಾರ

ಅಕ್ಟೋಬರ್ ತಿಂಗಳಲ್ಲಿ ಅವನಿಗೂ ಹೊಟ್ಟೆ ಕೆಟ್ಟಿತು. ಮಳೆ, ಚಳಿ ಶುರುವಾಗಿತ್ತು. ಸುಮಾರು ಎರಡು ವಾರ ಅವನು ಕಂದಕದಲ್ಲೇ ಉಳಿದ.

ಇದು ಕೊನೆಯ ತಿರುವು, ಪ್ರಾಣ ತೆಗೆದ ತಿರುವು. ಸದ್ದಿಲ್ಲದ್ದೂ ಇದೇ. ನಿಯಮದ ಪ್ರಕಾರ ಮೈ ಹುಷಾರಿಲ್ಲದವನು ಬೆಳಗ್ಗೆ ರೆಜಿಮೆಂಟಿನ ವೈದ್ಯಾಧಿಕಾರಿಯ ಮುಂದೆ ತಾನೇ ಹೋಗಿ ನಿಲ್ಲಬೇಕು. ಆ ಹೆಜ್ಜೆ ಇಡಬೇಕಾದವನು ರೋಗಿ. ಕಂದಕದಲ್ಲಿ ಎಲ್ಲರ ಹೊಟ್ಟೆಯೂ ಕೆಟ್ಟಿರುವಾಗ ತನ್ನದು ಕಾಯಿಲೆ ಎಂದು ಹೇಳಿಕೊಳ್ಳುವುದು ಹೇಗೆ? ಒಬ್ಬ ಹೋದರೆ ಅವನ ಪಾಳಿಯ ಕಾವಲು ಪಕ್ಕದವನ ತಲೆಗೆ. ಮೇಲಾಗಿ ಈ ಹುಡುಗನಿಗೆ ಬೇರೆಯವರಿಗಿಲ್ಲದ ಒಂದು ಭಯವೂ ಇದ್ದಿರಬಹುದು: ವೈದ್ಯನ ಮುಂದೆ ಅಂಗಿ ಬಿಚ್ಚಿ ಮಲಗಿದರೆ, ಜ್ವರದಲ್ಲಿ ಬಾಯಿ ಬಿಟ್ಟರೆ, ವಯಸ್ಸು ಹೊರಬೀಳುತ್ತದೆ. ಇದು ನನ್ನ ಊಹೆ. ಆದರೆ ಸುಳ್ಳಿನ ಮೇಲೆ ನಿಂತವರು ಸಹಾಯ ಕೇಳಲು ಎಲ್ಲರಿಗಿಂತ ತಡ ಮಾಡುತ್ತಾರೆ ಎನ್ನುವುದು ಊಹೆಯಲ್ಲ. ಹಾಸ್ಟೆಲ್ ವಾರ್ಡನ್‌ಗಳನ್ನು ಕೇಳಿ, ಸುಳ್ಳು ಹೆಸರಿನಲ್ಲಿ ದುಡಿಯುವ ವಲಸೆ ಹುಡುಗರ ಮೇಸ್ತ್ರಿಗಳನ್ನು ಕೇಳಿ.

ಇನ್ನೊಂದು ಅಂಶ ಮೈಗೆ ಸೇರಿದ್ದು. ಬೆಳೆಯುತ್ತಿರುವ ಹುಡುಗ, ತಿಂಗಳುಗಟ್ಟಲೆ ಹಸಿರು ಕಾಣದ ಊಟ, ಸೆಪ್ಟೆಂಬರ್‌ನ ಸಮುದ್ರದ ಪೆಟ್ಟು, ನಿದ್ದೆಯಿಲ್ಲದ ಕಾವಲು. ಇದರ ಮೇಲೆ ಎರಡು ವಾರ ನೀರು, ಲವಣ ಮೈಯಿಂದ ಸೋರಿಹೋದರೆ ಹೃದಯ ಎಷ್ಟು ತಾಳೀತು? ಇಂದು ಯಾವ ಆಶಾ ಕಾರ್ಯಕರ್ತೆಯ ಚೀಲದಲ್ಲೂ ಓಆರ್‌ಎಸ್ ಪೊಟ್ಟಣ ಇರುತ್ತದೆ. ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಿ ಭೇದಿಯ ಸಾವು ತಡೆಯುವ ವಿದ್ಯೆ ಆಗ ಇರಲಿಲ್ಲ. ಇದ್ದಿದ್ದರೂ ಆ ಗುಡ್ಡದಲ್ಲಿ ಕೊಡಲು ನೀರೇ ಇರಲಿಲ್ಲ.

ಅಕ್ಟೋಬರ್ 25ರಂದು ಅವನನ್ನು ಕೆಳಗಿಳಿಸಿದರು. ಸಂಜೆ ಐದರ ಹೊತ್ತಿಗೆ ಆಸ್ಪತ್ರೆ ಹಡಗಿಗೆ ತಂದರು. ದಾದಿಯರು ಹಾಸಿಗೆಯಲ್ಲಿ ಮಲಗಿಸಿ ಉಪಚರಿಸಿದರು, ಅವನು ಅವರಿಗೆ ವಂದನೆ ಹೇಳಿದ. ಏಳು ಗಂಟೆ ಆಗುವ ಮೊದಲೇ ಹೃದಯ ನಿಂತಿತು. ಸಮುದ್ರದಲ್ಲಿ ಅಂತ್ಯಸಂಸ್ಕಾರ. ಹಡಗಿನ ಮುಖ್ಯ ದಾದಿ ಮರುದಿನ ತಾಯಿಗೆ ಕಾಗದ ಬರೆದರು. ಹದಿನೈದು ತುಂಬಲು ಎರಡು ತಿಂಗಳ ಮೇಲೆ ಒಂದಿಷ್ಟು ದಿನ ಬಾಕಿ ಇತ್ತು. ಸಮಾಧಿಯಿಲ್ಲದವರ ಹೆಸರು ಕೆತ್ತಿದ ಲೋನ್ ಪೈನ್ ಸ್ಮಾರಕದಲ್ಲಿ ಅವನ ಹೆಸರಿದೆ. ಗಲಿಪೊಲಿಯಲ್ಲಿ ಆಸ್ಟ್ರೇಲಿಯಾದವರೇ ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಡಿಸೆಂಬರ್‌ನಲ್ಲಿ ರಾತ್ರೋರಾತ್ರಿ ಅನ್ಜ಼ಾಕ್ ದಂಡೆ ಖಾಲಿ ಮಾಡಿ ಎಲ್ಲರೂ ವಾಪಸಾದರು.

ಪ್ರಕರಣ ಏನು ಹೇಳುತ್ತದೆ

ಈ ಪ್ರಕರಣ ಚರ್ಚೆಗೆ ಬಂದಾಗ ಜನ ಸಾಮಾನ್ಯವಾಗಿ ಸುಳ್ಳು ವಯಸ್ಸಿನ ಮೇಲೆಯೇ ನಿಲ್ಲುತ್ತಾರೆ: ಜನನ ಪತ್ರ ಕೇಳಿದ್ದರೆ ಎಲ್ಲ ಸರಿಯಾಗುತ್ತಿತ್ತು. ಹೌದು, ಆಗುತ್ತಿತ್ತು. ಈಗ ಆಸ್ಟ್ರೇಲಿಯಾದ ಸೈನ್ಯ ದಾಖಲೆ ನೋಡಿಯೇ ತೆಗೆದುಕೊಳ್ಳುತ್ತದೆ. ಹದಿನೇಳರವರನ್ನು ತಂದೆತಾಯಿಯ ಒಪ್ಪಿಗೆ ಇದ್ದರೆ ಸೇರಿಸುತ್ತದೆ, ಹದಿನೆಂಟು ತುಂಬುವ ತನಕ ಯುದ್ಧಕ್ಕೆ ಕಳಿಸದಿರುವುದು ಅದರ ನೀತಿ. ನಮ್ಮ ಅಗ್ನಿವೀರ ಯೋಜನೆಯಲ್ಲೂ ಹದಿನೇಳೂವರೆಗೆ ಅವಕಾಶವಿದೆ, ಹದಿನೆಂಟು ತುಂಬದವರ ಅರ್ಜಿಗೆ ಮನೆಯವರ ಸಹಿ ಬೇಕು. ಆ ಬಾಗಿಲಿಗೆ ಬೀಗ ಬಿದ್ದಿದೆ.

ನನಗೆ ಹೆಚ್ಚು ಕಾಡುವುದು ಸಹಿಯ ವಿಷಯ. ಈ ಪ್ರಕರಣದಲ್ಲಿ ಮನೆಯ ಸಹಿ ಇತ್ತು, ನಿಯಮಬದ್ಧವಾಗಿಯೇ ಇತ್ತು, ಆದರೂ ರಕ್ಷಣೆ ಕೊಡಲಿಲ್ಲ. ಬೆದರಿಕೆಯ ಎದುರು ಹಾಕಿದ ಸಹಿ ಅದು. ಏನೂ ಗೊತ್ತಿಲ್ಲದಾಗ ಹಾಕಿದ್ದು, ಗೊತ್ತಾದ ಮೇಲೆ ಯಾರೂ ಮತ್ತೆ ಕೇಳಲಿಲ್ಲ. ಹಡಗು ಹತ್ತುವ ಮುಂಚೆ ಶಿಬಿರದವರು ಪ್ರತಿ ಮನೆಗೂ ಒಂದು ಕಾಗದ ಹಾಕಿ, ‘ನಿಮ್ಮ ಒಪ್ಪಿಗೆ ಈಗಲೂ ಇದೆಯೇ?’ ಎಂದು ಕೇಳಿದ್ದರೆ? ಈ ಮನೆ ಏನು ಉತ್ತರ ಕೊಡುತ್ತಿತ್ತೋ ಹೇಳಲಾರೆ. ಆದರೆ ಆಗ ಪ್ರಶ್ನೆ ಇಟ್ಟವನು ಹುಡುಗ ಆಗಿರುತ್ತಿರಲಿಲ್ಲ. ಕೊಟ್ಟ ಮಾತು ಮುರಿದೆವೆಂಬ ಭಾರವಿಲ್ಲದೆ ‘ಇಲ್ಲ’ ಎನ್ನುವ ಒಂದು ಸಂದರ್ಭ ತಾಯಿಗೆ ಸಿಗುತ್ತಿತ್ತು. ಹುಡುಗನ ಮರ್ಯಾದೆಯೂ ಉಳಿಯುತ್ತಿತ್ತು, ಸೈನ್ಯವೇ ವಾಪಸು ಕಳಿಸಿತು ಎಂದು ಜೊತೆಯವರಿಗೆ ಹೇಳಬಹುದಿತ್ತು. ಕೋಚಿಂಗ್ ಊರಿಗೆ ಕಳಿಸುವಾಗ, ದೂರದ ಕ್ರೀಡಾ ಹಾಸ್ಟೆಲ್ಲಿಗೆ ಸೇರಿಸುವಾಗ, ದುಬೈ ಕೆಲಸಕ್ಕೆ ಏಜೆಂಟರ ಕೈಗೆ ಒಪ್ಪಿಸುವಾಗ ನಮ್ಮಲ್ಲೂ ಸಹಿ ಒಂದೇ ಸಲ ಬೀಳುತ್ತದೆ. ಎರಡು ತಿಂಗಳಾದ ಮೇಲೆ ಮತ್ತೆ ಕೇಳುವ ಸಂಸ್ಥೆಯನ್ನು ನಾನು ಕಂಡಿಲ್ಲ.

ವಯಸ್ಸಿನ ಕಾಗದ, ಮನೆಯ ಒಪ್ಪಿಗೆ ಎಲ್ಲ ಸರಿ ಇದ್ದು, ಅವನಿಗೆ ನಿಜಕ್ಕೂ ಹದಿನೆಂಟೇ ಆಗಿದ್ದರೂ, ಆ ಎರಡು ವಾರ ಹಾಗೆಯೇ ಕಳೆದು ಅವನು ಸಾಯಬಹುದಿತ್ತು. ಹದಿನೆಂಟರವರು, ಮೂವತ್ತರವರು ಹಾಗೆಯೇ ಸತ್ತರು. ಕಾಯಿಲೆ ಬಂದವನೇ ಎದ್ದು ಹೋಗಿ ಹೇಳಬೇಕು ಎನ್ನುವ ವ್ಯವಸ್ಥೆಯಲ್ಲಿ, ಹೇಳದೆ ಸಹಿಸಿದವನಿಗೆ ಧೀರ ಎಂದು ಹೆಸರು ಬರುತ್ತದೆ, ಹೇಳಿದವನಿಗೆ ಸೋಮಾರಿ ಎಂಬ ಅನುಮಾನ. ಈ ಹುಡುಗನ ಕಥೆಯನ್ನು ಶಾಲೆಗಳಲ್ಲಿ ಹೇಳುವಾಗ ಆ ಎರಡು ವಾರವನ್ನು ಕಷ್ಟ ಸಹಿಷ್ಣುತೆಯ ಉದಾಹರಣೆಯಾಗಿ ಹೇಳುತ್ತಾರಲ್ಲ, ನನ್ನ ತಕರಾರು ಅದರ ಬಗ್ಗೆಯೇ. ಎನ್‌ಸಿಸಿ ಶಿಬಿರಕ್ಕೋ ಚಾರಣಕ್ಕೋ ಮಕ್ಕಳನ್ನು ಕರೆದೊಯ್ಯುವವರು ‘ಯಾರಿಗಾದರೂ ಹುಷಾರಿಲ್ಲವೇ?’ ಎಂದು ಸಾಲಿನ ಮುಂದೆ ನಿಂತು ಕೇಳಿದರೆ ಕೈ ಎತ್ತುವವರು ಕಡಿಮೆ. ನಿನ್ನೆ ರಾತ್ರಿ ಎಷ್ಟು ಸಲ ಎದ್ದು ಹೊರಗೆ ಹೋದೆ ಎಂದು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ, ಬರೆದಿಟ್ಟುಕೊಳ್ಳಿ. ಮೂರಕ್ಕಿಂತ ಹೆಚ್ಚು ಅಂದವನನ್ನು ಅವನ ಒಪ್ಪಿಗೆಗೆ ಕಾಯದೆ ವೈದ್ಯರ ಹತ್ತಿರ ಕಳಿಸಿ.